ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಲಿಗ್ನಿನ್‌ನಿಂದ ಕೆಮಿಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ವಿದ್ಯಾರ್ಥಿಗಳು, ರೈತರು, ಸಣ್ಣ ಉದ್ದಿಮೆ ಶುರು ಮಾಡಬೇಕು ಅಂತಿರುವವರು, ಕಟ್ಟಿಗೆಯ ಲಿಗ್ನಿನ್ ಅನ್ನು ಬಿಸಿ ಆಲ್ಕೋಹಾಲ್‌ನಲ್ಲಿ ಒಡೆದು ಕೆಮಿಕಲ್ ಮಾಡುವ ವಿದ್ಯೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕೆಲವು ಉತ್ತರ ಉದ್ದ, ಕೆಲವು ನಾಲ್ಕೇ ಸಾಲು. ಕೆಮಿಸ್ಟ್ರಿ ಬೇಡ, ಲೆಕ್ಕ ಸಾಕು ಅನ್ನುವವರು ನೇರವಾಗಿ ಖರ್ಚಿನ ಪ್ರಶ್ನೆಗೆ ಹೋಗಬಹುದು.

ಲಿಗ್ನಿನ್ ಅಂದ್ರೆ ಏನು? ನಮ್ಮ ಹೊಲದಲ್ಲಿ ಅದು ಎಲ್ಲಿದೆ?

ಎಳೆ ತೊಗರಿ ಗಿಡ ಬಗ್ಗುತ್ತದೆ, ಬಲಿತ ಕಾಂಡ ಬಗ್ಗುವುದಿಲ್ಲ. ಗಿಡ ಬಲಿಯುವಾಗ ಕಾಂಡದ ಜೀವಕೋಶಗಳ ಗೋಡೆಯಲ್ಲಿ ತುಂಬಿಕೊಂಡು ಗಟ್ಟಿತನ ಕೊಡುವ ಪದಾರ್ಥವೇ ಲಿಗ್ನಿನ್. ಕಟ್ಟಿಗೆ, ಕಡ್ಡಿ, ಸಿಪ್ಪೆ ಏನೇ ತಗೊಳ್ಳಿ, ಒಳಗೆ ಮುಖ್ಯವಾಗಿ ಮೂರು ಪದಾರ್ಥ ಇರುತ್ತವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಒಣ ತೂಕದಲ್ಲಿ ಲಿಗ್ನಿನ್ ಶೇ. 15ರಿಂದ 30ರವರೆಗೆ ಇರುತ್ತದೆ. ಹತ್ತಿ ಕಟ್ಟಿಗೆಯಲ್ಲಿ, ಕಬ್ಬಿನ ಸಿಪ್ಪೆಯಲ್ಲಿ ಅಂದಾಜು ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ ಅಂದುಕೊಳ್ಳಿ.

ಮೊದಲ ಎರಡೂ ಸಕ್ಕರೆಯ ಕೊಂಡಿಗಳಿಂದ ಆದವು. ಲಿಗ್ನಿನ್ ಹಾಗಲ್ಲ. ಅದು ಬೆಂಜೀನ್ ಉಂಗುರಗಳಿಂದ, ಅಂದರೆ ಆರು ಕಾರ್ಬನ್ ಸುತ್ತಿ ಕೂತ ಉಂಗುರಗಳಿಂದ ಆಗಿದೆ. ಭೂಮಿಯ ಮೇಲೆ ಬೆಳೆಯುವ ಪದಾರ್ಥಗಳಲ್ಲಿ ಬೆಂಜೀನ್ ಉಂಗುರ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಗುವುದು ಇದರಲ್ಲೇ. ಕೆಮಿಸ್ಟ್ರಿಯವರು ಇದರ ಹಿಂದೆ ಬಿದ್ದಿರುವುದಕ್ಕೆ ಕಾರಣ ಅದು.

ಇದೆಲ್ಲ ಬಿಟ್ಟು ಸುಮ್ನೆ ಒಲಿಗೆ ಹಾಕಿದ್ರ ಏನಾಗ್ತದ?

ಚೆನ್ನಾಗಿಯೇ ಉರಿಯುತ್ತದೆ. ಒಣ ಲಿಗ್ನಿನ್‌ನ ಶಾಖ ಕೆಜಿಗೆ ಸುಮಾರು 6,000 ಕಿಲೋಕ್ಯಾಲರಿ. ಸೆಲ್ಯುಲೋಸ್‌ನದು ಸುಮಾರು 4,000. ಜಗತ್ತಿನ ಕಾಗದದ ಕಾರ್ಖಾನೆಗಳು ಮರದಿಂದ ಬೇರೆ ಮಾಡಿದ ಲಿಗ್ನಿನ್‌ನಲ್ಲಿ ಬಹುಪಾಲನ್ನು ಇವತ್ತಿಗೂ ತಮ್ಮ ಬಾಯ್ಲರ್‌ನಲ್ಲೇ ಸುಡುತ್ತವೆ. ಅದು ದಡ್ಡತನ ಅಲ್ಲ. ಆ ಶಾಖದಿಂದಲೇ ಕಾರ್ಖಾನೆ ನಡೆಯುತ್ತದೆ.

ಆದರೆ ಸುಡುವಾಗ ಹೋಗುವುದು ಏನು ಅಂತ ನೋಡಿ. ಫೀನಾಲ್ ತರದ ಪದಾರ್ಥಗಳನ್ನು ಇವತ್ತು ಕಚ್ಚಾ ತೈಲದ ಬೆಂಜೀನ್‌ನಿಂದ ಮಾಡುತ್ತಾರೆ. ಪ್ಲೈವುಡ್ ಅಂಟು, ಸನ್‌ಮೈಕಾ, ಔಷಧಿ, ಬಣ್ಣ ಎಲ್ಲಕ್ಕೂ ಬೇಕಾಗುವ ಆ ಉಂಗುರ ತೊಗರಿ ಕಟ್ಟಿಗೆಯಲ್ಲಿ ಗಿಡವೇ ಕಟ್ಟಿಟ್ಟಿರುತ್ತದೆ. ಅದನ್ನು ಸುಟ್ಟು ಹೊಗೆ ಮಾಡಿ, ಆಮೇಲೆ ಅದೇ ಉಂಗುರಕ್ಕೆ ತೈಲ ತರಿಸುತ್ತೇವೆ. ಅಂದ ಹಾಗೆ, ಕಟ್ಟಿಗೆ ಒಲೆಯ ಹೊಗೆಗೆ ಒಂದು ವಾಸನೆ ಇರುತ್ತದಲ್ಲ, ಅದರಲ್ಲಿ ಬಹಳಷ್ಟು ಗ್ವಾಯಕಾಲ್ ಮತ್ತು ಸಿರಿಂಗಾಲ್‌ನದು. ಎರಡೂ ಲಿಗ್ನಿನ್ ಶಾಖಕ್ಕೆ ಒಡೆದಾಗ ಬರುವ ತುಣುಕುಗಳು. ಅಂದರೆ ಲಿಗ್ನಿನ್ ಒಡೆಯುವ ಕೆಲಸ ಅಡುಗೆಮನೆಯಲ್ಲಿ ದಿನಾ ನಡೆಯುತ್ತಿದೆ. ಹಿಡಿದಿಟ್ಟುಕೊಳ್ಳುವ ಕೆಲಸ ಮಾತ್ರ ನಡೆಯುತ್ತಿಲ್ಲ.

ಒಡೆಯುವುದು ಅಷ್ಟು ಕಷ್ಟ ಯಾಕೆ?

ಒಡೆಯುವುದು ಕಷ್ಟ ಅಲ್ಲ. ಒಡೆದ ತುಣುಕುಗಳು ಮತ್ತೆ ಸೇರಿಕೊಳ್ಳದಂತೆ ತಡೆಯುವುದು ಕಷ್ಟ.

ಲಿಗ್ನಿನ್‌ನಲ್ಲಿ ಮೂರು ಬಗೆಯ ಘಟಕಗಳಿವೆ. ಕೆಮಿಸ್ಟ್ರಿಯಲ್ಲಿ ಎಚ್, ಜಿ, ಎಸ್ ಅಂತ ಕರೆಯುತ್ತಾರೆ. ಇವನ್ನು ಜೋಡಿಸುವ ಕೊಂಡಿಗಳಲ್ಲಿ ಎರಡು ಜಾತಿ. ಒಂದು ಆಮ್ಲಜನಕದ ಮೂಲಕ ಬೆಸೆಯುವ ಈಥರ್ ಕೊಂಡಿ. ಅದರಲ್ಲಿ ಮುಖ್ಯವಾದದ್ದು ಬೀಟಾ-ಓ-4. ಒಟ್ಟು ಕೊಂಡಿಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದೇ ಇರುತ್ತದೆ, ಸುಲಭಕ್ಕೆ ಮುರಿಯುತ್ತದೆ. ಇನ್ನೊಂದು ಕಾರ್ಬನ್‌ಗೆ ಕಾರ್ಬನ್ ನೇರ ಕಚ್ಚಿಕೊಂಡ ಕೊಂಡಿ. ಅದು ಜಗ್ಗಲ್ಲ.

ಈಥರ್ ಕೊಂಡಿ ಮುರಿದ ಕ್ಷಣ ತುಣುಕಿನ ತುದಿ ಬಹಳ ಚುರುಕಾಗಿರುತ್ತದೆ. ಪಕ್ಕದಲ್ಲಿ ಇನ್ನೊಂದು ತುಣುಕು ಸಿಕ್ಕರೆ ಅದಕ್ಕೆ ಅಂಟುತ್ತದೆ, ಅದೂ ಕಾರ್ಬನ್-ಕಾರ್ಬನ್ ಕೊಂಡಿಯಿಂದ. ಜಾಲಿ ಮುಳ್ಳಿನ ರಾಶಿಯಿಂದ ಒಂದು ಕೊಂಬೆ ಎಳೆದರೆ ಅದು ಬಿಡಿಸಿಕೊಂಡು ಬರುವ ಮೊದಲೇ ಇನ್ನೆರಡಕ್ಕೆ ಸಿಕ್ಕಿಕೊಳ್ಳುತ್ತದೆ, ಹಾಗೆ. ಕೊನೆಗೆ ಉಳಿಯುವುದು ಮೊದಲಿನ ಲಿಗ್ನಿನ್‌ಗಿಂತ ಹಠಮಾರಿಯಾದ ಕರಿ ಪದಾರ್ಥ. ಅದಕ್ಕೆ ಚಾರ್ ಅಂತಾರೆ. ಲ್ಯಾಬ್‌ನಲ್ಲಿ ರಿಯಾಕ್ಟರ್ ಗೋಡೆಗೆ ಹತ್ತಿದ ಚಾರ್ ಉಜ್ಜಿ ತೆಗೆಯುವವರಿಗೆ ಇದರ ಬಗ್ಗೆ ಉಪನ್ಯಾಸ ಬೇಕಾಗಿಲ್ಲ.

ಹಾಗಾದರೆ ಆಲ್ಕೋಹಾಲ್ ಏನು ಮಾಡುತ್ತದೆ? ನೀರು ಸಾಲದಾ?

ಆಲ್ಕೋಹಾಲ್ ಮಾಡುವ ಕೆಲಸ ನಾಲ್ಕು.

ಮೊದಲನೆಯದು ಕರಗಿಸುವುದು. ಲಿಗ್ನಿನ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬಿಸಿ ಆಲ್ಕೋಹಾಲ್‌ನಲ್ಲಿ, ಅಥವಾ ಆಲ್ಕೋಹಾಲ್-ನೀರಿನ ಮಿಶ್ರಣದಲ್ಲಿ, ಕಟ್ಟಿಗೆ ಬಿಟ್ಟು ಹೊರಗೆ ಬರುತ್ತದೆ. ಇದು ಹೊಸ ವಿದ್ಯೆ ಅಲ್ಲ. ಎಥನಾಲ್-ನೀರಿನಲ್ಲಿ ಮರ ಬೇಯಿಸಿ ಕಾಗದದ ತಿರುಳು ತೆಗೆಯುವ ಪ್ರಯತ್ನ 1930ರ ದಶಕದಿಂದಲೇ ಇದೆ.

ಎರಡನೆಯದು ಹೈಡ್ರೋಜನ್ ಕೊಡುವುದು. ಐಸೋಪ್ರೊಪನಾಲ್ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಅಸಿಟೋನ್ ಆಗುತ್ತದೆ. ಮೆಥನಾಲ್ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಗೆ ವೇಗ ಕೊಡುವ ಪದಾರ್ಥ) ಮೇಲೆ ಒಡೆದು ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಹೀಗಾಗಿ ಎಷ್ಟೋ ಸಲ ಹೊರಗಿನಿಂದ ಹೈಡ್ರೋಜನ್ ಸಿಲಿಂಡರ್ ಬೇಕೇ ಆಗುವುದಿಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಚುರುಕಾದ ತುದಿಗಳಿಗೆ ಆಲ್ಕೋಹಾಲ್ ತಾನೇ ಹೋಗಿ ಕೂತುಕೊಳ್ಳುತ್ತದೆ, ಮುಚ್ಚಳ ಹಾಕಿದ ಹಾಗೆ. ಮುಚ್ಚಿದ ತುದಿ ಇನ್ನೊಂದಕ್ಕೆ ಅಂಟುವುದಿಲ್ಲ. ಲಿಗ್ನಿನ್ ಒಡೆಯುವಾಗ ಬರುವ ಫಾರ್ಮಾಲ್ಡಿಹೈಡ್ ಅನ್ನುವ ತಂಟೆಕೋರನನ್ನೂ ಎಥನಾಲ್ ಹಿಡಿದುಹಾಕುತ್ತದೆ. ತುಣುಕುಗಳನ್ನು ಮತ್ತೆ ಬೆಸೆಯುವುದರಲ್ಲಿ ಈ ಫಾರ್ಮಾಲ್ಡಿಹೈಡ್‌ನ ಪಾತ್ರ ದೊಡ್ಡದು.

ನಾಲ್ಕನೆಯದು ಖರ್ಚಿಗೆ ಸಂಬಂಧಿಸಿದ್ದು. ಕೆಲಸ ಮುಗಿದ ಮೇಲೆ ದ್ರಾವಕವನ್ನು, ಅಂದರೆ ಕರಗಿಸಲು ಹಾಕಿದ ದ್ರವವನ್ನು, ಆವಿ ಮಾಡಿ ವಾಪಸ್ ಪಡೆಯಬೇಕು. ಒಂದು ಕೆಜಿ ಎಥನಾಲ್ ಆವಿ ಮಾಡಲು ಬೇಕಾದ ಶಾಖ ಒಂದು ಕೆಜಿ ನೀರಿಗೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ.

ಯಾವ ಆಲ್ಕೋಹಾಲ್ ಒಳ್ಳೆಯದು?

ಮೆಥನಾಲ್ ಅಗ್ಗ, ಕಟ್ಟಿಗೆಯಿಂದ ಲಿಗ್ನಿನ್ ಎಳೆಯುವುದರಲ್ಲಿ ಚುರುಕು. ಲ್ಯಾಬ್ ಪ್ರಯೋಗಗಳಲ್ಲಿ ಬಹಳಷ್ಟು ಅದರಲ್ಲೇ ಆಗಿವೆ. ಆದರೆ ವಿಷ. ಕಣ್ಣು ಕಳೆಯುತ್ತದೆ, ಜೀವ ತೆಗೆಯುತ್ತದೆ. ಒತ್ತಡವೂ ಜಾಸ್ತಿ: 239 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಸೂಪರ್‌ಕ್ರಿಟಿಕಲ್ ಸ್ಥಿತಿಗೆ (ದ್ರವ, ಆವಿ ಅನ್ನುವ ಭೇದ ಉಳಿಯದ ಸ್ಥಿತಿ) ಹೋಗುವಾಗ ಒತ್ತಡ ಸುಮಾರು 80 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು. ಎಥನಾಲ್‌ಗೆ ಇದು 241 ಡಿಗ್ರಿ, 61 ಬಾರ್ ಆಸುಪಾಸು. ಐಸೋಪ್ರೊಪನಾಲ್‌ಗೆ 235 ಡಿಗ್ರಿ, 48 ಬಾರ್. ನೀರಿಗೆ? 374 ಡಿಗ್ರಿ, 221 ಬಾರ್. ನೀರು ಯಾಕೆ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಭಾಗಕ್ಕೆ ನನ್ನ ಓಟು ಎಥನಾಲ್‌ಗೆ. ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಕಬ್ಬು ಇದೆ, ಸಕ್ಕರೆ ಕಾರ್ಖಾನೆಗಳಿವೆ. ಎಥನಾಲ್ ಎಲ್ಲಿಂದಲೋ ಹಡಗಿನಲ್ಲಿ ಬರಬೇಕಾಗಿಲ್ಲ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಂಡ ತಾಮ್ರ-ಮೆಗ್ನೀಷಿಯಂ-ಅಲ್ಯೂಮಿನಿಯಂ ಆಕ್ಸೈಡ್ ಕ್ಯಾಟಲಿಸ್ಟ್ ಹಾಕಿ ಒಂದೇ ಲಿಗ್ನಿನ್ ಅನ್ನು ಎಥನಾಲ್, ಮೆಥನಾಲ್ ಎರಡರಲ್ಲೂ ಒಡೆದು ನೋಡಿತು. 300 ಡಿಗ್ರಿಯಲ್ಲಿ ನಾಲ್ಕು ತಾಸಿಗೆ ಎಥನಾಲ್‌ನಲ್ಲಿ ಶೇ. 23ರಷ್ಟು ಒಂಟಿ ಉಂಗುರದ ಪದಾರ್ಥ ಬಂತು. ಮೆಥನಾಲ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ. 380 ಡಿಗ್ರಿ, ಎಂಟು ತಾಸು ಕೊಟ್ಟಾಗ ಎಥನಾಲ್‌ನಲ್ಲಿ ಶೇ. 60ರವರೆಗೂ ಹೋಯಿತು. ಮುಚ್ಚಳ ಹಾಕುವ ಕೆಲಸದಲ್ಲಿ ಎಥನಾಲ್ ಗೆದ್ದದ್ದು ಅಲ್ಲಿ ಸ್ಪಷ್ಟ.

ಕ್ಯಾಟಲಿಸ್ಟ್ ಅಂದ್ರೆ ಇಲ್ಲಿ ಏನು ಹಾಕುತ್ತಾರೆ?

ಸಾಮಾನ್ಯವಾಗಿ ಇದ್ದಿಲ ಪುಡಿಯ ಮೇಲೆ ಹರಡಿದ ಲೋಹ: ನಿಕ್ಕಲ್, ರುಥೇನಿಯಂ, ಪಲ್ಲಾಡಿಯಂ. ಇಲ್ಲವೇ ರೇನಿ ನಿಕ್ಕಲ್, ಅಂದರೆ ಸ್ಪಂಜಿನಂತೆ ತೂತು ತೂತಾದ ನಿಕ್ಕಲ್ ಪುಡಿ. ಇಲ್ಲವೇ ಮೇಲೆ ಹೇಳಿದ ತಾಮ್ರದ ಮಿಶ್ರ ಆಕ್ಸೈಡ್. ಪಲ್ಲಾಡಿಯಂ, ರುಥೇನಿಯಂ ಒಳ್ಳೆ ಕೆಲಸ ಮಾಡುತ್ತವೆ, ಆದರೆ ಬಂಗಾರದ ಅಂಗಡಿಯಲ್ಲಿ ತೂಗುವ ಜಾತಿಯವು. ಹೊಲದ ಕಸಕ್ಕೆ ಹಾಕಬೇಕಾದದ್ದು ನಿಕ್ಕಲ್ ಅಥವಾ ತಾಮ್ರ ಅಂತ ನನ್ನ ಅನಿಸಿಕೆ. ಬೆಲೆ ಒಂದು ಕಾರಣ. ಇನ್ನೊಂದು ಕಾರಣ, ಬೇಯಿಸಿದ ಮೇಲೆ ಕ್ಯಾಟಲಿಸ್ಟ್ ಪುಡಿ ತಿರುಳಿನ (ಲಿಗ್ನಿನ್ ಬಿಟ್ಟು ಉಳಿದ ಕಟ್ಟಿಗೆಯ) ಜೊತೆ ಕಲಸಿಹೋಗುತ್ತದೆ. ನಿಕ್ಕಲ್ ಆದರೆ ಆಯಸ್ಕಾಂತ ಹಿಡಿದು ಎಳೆಯಬಹುದು. ಪಲ್ಲಾಡಿಯಂ ಕಳೆದುಹೋದರೆ ಕಳೆದೇಹೋಯಿತು.

ಲ್ಯಾಬ್‌ನಲ್ಲಿ ಇದನ್ನು ಹೇಗೆ ಮಾಡುತ್ತಾರೆ?

ಕಟ್ಟಿಗೆಯನ್ನು ಪುಡಿ ಮಾಡಿ, ಜರಡಿ ಹಿಡಿದು, ಒಣಗಿಸುತ್ತಾರೆ. ಮೊದಲು ಬಿಸಿ ಎಥನಾಲ್‌ನಲ್ಲಿ ತೊಳೆದು ಮೇಣ, ಬಣ್ಣ ತೆಗೆಯುತ್ತಾರೆ. ಆಮೇಲೆ ಪುಡಿ, ಆಲ್ಕೋಹಾಲ್, ಕ್ಯಾಟಲಿಸ್ಟ್ ಮೂರನ್ನೂ ಆಟೋಕ್ಲೇವ್‌ಗೆ ಹಾಕುತ್ತಾರೆ. ಅದು ದಪ್ಪ ಗೋಡೆಯ ಸ್ಟೀಲ್ ಪಾತ್ರೆ. ಮೇಲೆ ಪ್ರೆಶರ್ ಗೇಜ್, ಒಳಗೆ ಕಲಕುವ ರೆಕ್ಕೆ, ಪಕ್ಕದಲ್ಲಿ ಒತ್ತಡ ಮೀರಿದರೆ ಹರಿದುಕೊಳ್ಳುವ ಸುರಕ್ಷಾ ತಗಡು. ಪಾತ್ರೆಯನ್ನು ಪೂರ್ತಿ ತುಂಬುವ ಹಾಗಿಲ್ಲ, ಅರ್ಧದ ಹತ್ತಿರ ನಿಲ್ಲಿಸಬೇಕು. ಬಿಸಿಯಾದ ಆಲ್ಕೋಹಾಲ್ ಬಹಳ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಒತ್ತಡ ಒಮ್ಮೆಲೇ ಏರುತ್ತದೆ.

ನೈಟ್ರೋಜನ್ ಬಿಟ್ಟು ಒಳಗಿನ ಗಾಳಿ ಹೊರಹಾಕಿ, ಸೋರಿಕೆ ನೋಡಿ, ಬೇಕಿದ್ದರೆ ಹೈಡ್ರೋಜನ್ ತುಂಬಿ 200ರಿಂದ 250 ಡಿಗ್ರಿಗೆ ಬಿಸಿ ಮಾಡುತ್ತಾರೆ. ಕೆಲವು ತಾಸು ಹಾಗೇ ಇಟ್ಟು, ಪೂರ್ತಿ ತಣ್ಣಗಾದ ಮೇಲೆ ಅನಿಲವನ್ನು ನಿಧಾನಕ್ಕೆ ಬಿಟ್ಟು ಮುಚ್ಚಳ ತೆಗೆಯುತ್ತಾರೆ.

ಮುಚ್ಚಳ ತೆಗೆದಾಗ ಮೊದಲು ಬರುವುದು ವಾಸನೆ. ಹೊಗೆಯದು ಸ್ವಲ್ಪ, ಲವಂಗದ್ದು ಸ್ವಲ್ಪ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮತ್ತು ಇಲ್ಲಿ ಬರುವ ಪ್ರೊಪೈಲ್ ಗ್ವಾಯಕಾಲ್ ಹತ್ತಿರದ ಸಂಬಂಧಿಗಳು. ಒಳಗೆ ಕಡು ಕಂದು ದ್ರವ, ತಳದಲ್ಲಿ ತಿಳಿ ಬಣ್ಣಕ್ಕೆ ತಿರುಗಿದ ತಿರುಳು. ಸೋಸಿ, ಆಲ್ಕೋಹಾಲ್ ಆವಿ ಮಾಡಿದರೆ ಜಿಗುಟಾದ ಎಣ್ಣೆ ಉಳಿಯುತ್ತದೆ. ಅದೇ ಲಿಗ್ನಿನ್ ಎಣ್ಣೆ. ಅದರಲ್ಲಿ ಏನೇನಿದೆ ಅಂತ ಜಿಸಿ-ಎಂಎಸ್ (ಮಿಶ್ರಣವನ್ನು ಆವಿ ಮಾಡಿ ಬೇರ್ಪಡಿಸಿ ಗುರುತಿಸುವ) ಯಂತ್ರ ಹೇಳುತ್ತದೆ. ಆದರೆ ಆವಿಯಾಗುವ ಸಣ್ಣ ತುಣುಕುಗಳು ಮಾತ್ರ ಅದಕ್ಕೆ ಕಾಣುತ್ತವೆ. ದೊಡ್ಡವಕ್ಕೆ ಜಿಪಿಸಿ, ಅಂದರೆ ಅಣುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಯಂತ್ರ ಬೇಕು. ಬರೀ ಜಿಸಿ ಫಲಿತಾಂಶ ತೋರಿಸಿ ಎಲ್ಲ ಒಡೆದಿದೆ ಅನ್ನುವವರನ್ನು ನಂಬಬೇಡಿ.

ಒಂದು ಎಚ್ಚರಿಕೆ. ಬಳಸಿದ ಪಲ್ಲಾಡಿಯಂ-ಇದ್ದಿಲು, ರೇನಿ ನಿಕ್ಕಲ್ ಎರಡೂ ಒಣಗಿದರೆ ಗಾಳಿಯಲ್ಲೇ ಹೊತ್ತಿಕೊಳ್ಳಬಹುದು. ಸೋಸುವ ಕಾಗದದ ಮೇಲೆ ಆಲ್ಕೋಹಾಲ್ ಆವಿ ಇರುತ್ತದೆ. ಸೋಸಿದ ಕ್ಯಾಟಲಿಸ್ಟ್ ಅನ್ನು ಯಾವಾಗಲೂ ನೀರಿನಲ್ಲಿ ಒದ್ದೆ ಇಡಬೇಕು, ಸುಮ್ನೆ ಕಸದ ಬುಟ್ಟಿಗೆ ಎಸೆಯಬಾರದು.

ಮನೆಯಲ್ಲಿ ಕುಕ್ಕರ್‌ನಲ್ಲಿ ಸಣ್ಣದಾಗಿ ಮಾಡಿ ನೋಡಬಹುದಾ?

ಬೇಡ. ಕುಕ್ಕರ್ ಸೀಟಿ ಹೊಡೆಯುವುದು 1 ಬಾರ್ ಆಸುಪಾಸಿನಲ್ಲಿ. ಇಲ್ಲಿ ಬೇಕಾದದ್ದು 50ರಿಂದ 100 ಬಾರ್, ಅದೂ ಬೆಂಕಿ ಹತ್ತುವ ದ್ರವದ್ದು.

ಕೊನೆಗೆ ಏನೇನು ಸಿಗುತ್ತದೆ? ಯಾರು ಕೊಳ್ಳುತ್ತಾರೆ?

ಮೂರು ಪಾಲು ಸಿಗುತ್ತದೆ: ಒಂಟಿ ಉಂಗುರದ ಪದಾರ್ಥಗಳು, ಎರಡು-ಮೂರು-ನಾಲ್ಕು ಉಂಗುರದ ತುಣುಕುಗಳು, ಮತ್ತು ಕರಗದೆ ಉಳಿದ ತಿರುಳು.

ಎಲ್ಲರ ಕಣ್ಣು ಮೊದಲನೆಯದರ ಮೇಲೆ. ಪ್ರೊಪೈಲ್ ಗ್ವಾಯಕಾಲ್, ಪ್ರೊಪೈಲ್ ಸಿರಿಂಗಾಲ್, ಅವುಗಳ ಆಲ್ಕೋಹಾಲ್ ರೂಪಗಳು. ಇವನ್ನು ಇನ್ನಷ್ಟು ಸಂಸ್ಕರಿಸಿ ಫೀನಾಲ್ ಮಾಡಬಹುದು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಬರ್ಚ್ ಮರದಿಂದ ಫೀನಾಲ್, ಪ್ರೊಪಿಲೀನ್, ಮುದ್ರಣದ ಶಾಯಿಗೆ ಆಗುವ ತುಣುಕು, ಎಥನಾಲ್‌ಗೆ ಆಗುವ ತಿರುಳು ಎಲ್ಲವನ್ನೂ ತೆಗೆಯುವ ದಾರಿ ತೋರಿಸಿತು. ಮರದ ತೂಕದ ಶೇ. 78ರಷ್ಟು ಉಪಯೋಗಕ್ಕೆ ಬಂತು. ಗ್ವಾಯಕಾಲ್‌ಗೆ ಔಷಧ ಉದ್ಯಮದಲ್ಲಿ ಬೇಡಿಕೆ ಇದೆ. ಕೆಮ್ಮಿನ ಸಿರಪ್‌ನ ಗ್ವಾಯ್‌ಫೆನೆಸಿನ್ ಅದರಿಂದ ಆಗುತ್ತದೆ.

ನನ್ನ ಗಮನ ಮಾತ್ರ ಎರಡನೆಯ ಪಾಲಿನ ಮೇಲೆ. ಒಂಟಿ ಉಂಗುರದ ಹತ್ತಾರು ಪದಾರ್ಥಗಳನ್ನು ಒಂದೊಂದಾಗಿ ಶುದ್ಧ ಮಾಡಲು ದೊಡ್ಡ ಡಿಸ್ಟಿಲೇಶನ್ ಕಾಲಂ ಬೇಕು, ದೊಡ್ಡ ದುಡ್ಡು ಬೇಕು. ಎರಡು-ಮೂರು-ನಾಲ್ಕು ಉಂಗುರದ ತುಣುಕುಗಳ ಮಿಶ್ರಣ ಹಾಗಲ್ಲ. ಪ್ಲೈವುಡ್‌ಗೆ ಹಾಕುವ ಫೀನಾಲ್-ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಫೀನಾಲ್‌ನ ಒಂದು ಪಾಲನ್ನು ತೆಗೆದು ಇದನ್ನು ಸೇರಿಸಬಹುದು. ಅಂಟಿಗೆ ಶುದ್ಧತೆಯ ಹಟ ಅಷ್ಟಿಲ್ಲ. ಮೊದಲ ಗಿರಾಕಿ ಅಲ್ಲಿ ಸಿಗುತ್ತಾನೆ, ಔಷಧ ಕಂಪನಿಯಲ್ಲಿ ಅಲ್ಲ.

ಲಿಗ್ನಿನ್‌ನಿಂದ ವೆನಿಲ್ಲಾ ಬರುತ್ತದೆ ಅಂತಾರೆ, ನಿಜವಾ?

ನಿಜ. ಐಸ್‌ಕ್ರೀಮ್‌ನ ವೆನಿಲ್ಲಾ ವಾಸನೆ ಕೊಡುವ ವೆನಿಲಿನ್ ಅನ್ನು ನಾರ್ವೆಯ ಬೊರೆಗಾರ್ಡ್ ಕಂಪನಿ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ ದಶಕಗಳಿಂದ ಮಾಡುತ್ತಿದೆ. ಆದರೆ ಅದು ಬೇರೆ ದಾರಿ: ಅಲ್ಲಿ ಆಮ್ಲಜನಕ ಕೊಟ್ಟು ಒಡೆಯುತ್ತಾರೆ, ಇಲ್ಲಿ ಹೈಡ್ರೋಜನ್ ಕೊಟ್ಟು.

ಇನ್ನೊಂದು ಹಳೆಯ ಬಳಕೆ ನಮ್ಮ ಪಕ್ಕದಲ್ಲೇ ಇದೆ, ಯಾರಿಗೂ ಕಾಣುವುದಿಲ್ಲ. ಕಾಂಕ್ರೀಟ್‌ಗೆ ನೀರು ಕಡಿಮೆ ಹಾಕಿದರೂ ಸಲೀಸಾಗಿ ಹರಿಯಲಿ ಅಂತ ಬೆರೆಸುವ ಲಿಗ್ನೊಸಲ್ಫೊನೇಟ್ ಕೂಡ ಕಾಗದದ ಕಾರ್ಖಾನೆಯ ಲಿಗ್ನಿನ್ನೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಮಾಡುವ ಜಿಲ್ಲೆಯವರು ಇದನ್ನು ತಿಳಿದಿರಬೇಕು.

ಇಳುವರಿ ಶೇ. 100ಕ್ಕಿಂತ ಜಾಸ್ತಿ ಅಂತ ಒಂದು ಕಡೆ ಓದಿದೆ. ಅದು ಹೇಗೆ?

ಸುಳ್ಳಲ್ಲ, ಆದರೆ ಲೆಕ್ಕ ಬಿಡಿಸಿ ನೋಡಬೇಕು. ಚೀನಾದ ಟಿಯಾಂಜಿನ್ ತಂಡ 2014ರಲ್ಲಿ ಮಾಲಿಬ್ಡಿನಂ ಕಾರ್ಬೈಡ್ ಕ್ಯಾಟಲಿಸ್ಟ್ ಹಾಕಿ 280 ಡಿಗ್ರಿ ಎಥನಾಲ್‌ನಲ್ಲಿ 1 ಗ್ರಾಂ ಲಿಗ್ನಿನ್‌ಗೆ 1.64 ಗ್ರಾಂ ಸಣ್ಣ ಅಣುಗಳನ್ನು ಪಡೆಯಿತು. ಜಾಸ್ತಿ ಬಂದದ್ದು ಎಲ್ಲಿಂದ? ಎಥನಾಲ್‌ನಿಂದ. ಆ ಬಿಸಿಯಲ್ಲಿ ಎಥನಾಲ್ ಸುಮ್ಮನೆ ಕೂರುವುದಿಲ್ಲ. ತುಣುಕುಗಳಿಗೆ ಅಂಟುತ್ತದೆ, ತನ್ನಲ್ಲೇ ಸೇರಿಕೊಂಡು ಉದ್ದದ ಆಲ್ಕೋಹಾಲ್, ಎಸ್ಟರ್ ಆಗುತ್ತದೆ. ದ್ರಾವಕ ಅಂತ ಹಾಕಿದ್ದು ಕಚ್ಚಾವಸ್ತು ಆಗಿಬಿಡುತ್ತದೆ. ಆದ್ದರಿಂದ ಯಾರಾದರೂ ಇಳುವರಿ ಹೇಳಿದರೆ ಮೊದಲು ಕೇಳಬೇಕಾದ್ದು: ಎಥನಾಲ್ ಎಷ್ಟು ಹಾಕಿದಿರಿ, ಎಷ್ಟು ವಾಪಸ್ ಬಂತು?

ಬರೀ ಒಂಟಿ ಉಂಗುರದ ಲೆಕ್ಕ ಹಿಡಿದರೆ ಒಂದು ಮೇಲ್ಮಿತಿ ಇದೆ. ಒಂದು ಉಂಗುರ ಸರಪಳಿಯ ನಡುವಿನಿಂದ ಬಿಡಿಸಿಕೊಳ್ಳಬೇಕಾದರೆ ಅದರ ಎರಡೂ ಪಕ್ಕದ ಕೊಂಡಿ ಈಥರ್ ಆಗಿರಬೇಕು. ಕೊಂಡಿಗಳಲ್ಲಿ ಶೇ. 70 ಈಥರ್ ಇದ್ದರೆ, 0.7 ಗುಣಿಸು 0.7, ಅಂದರೆ ಸುಮಾರು ಅರ್ಧದಷ್ಟು ಉಂಗುರಗಳು ಮಾತ್ರ ಒಂಟಿಯಾಗಿ ಬರುತ್ತವೆ. ಶೇ. 50 ಇದ್ದರೆ ಕಾಲು ಭಾಗ. ಬರ್ಚ್‌ನಂತಹ ಮರಗಳಲ್ಲಿ ಶೇ. 50ರ ಹತ್ತಿರ ಬರುತ್ತದೆ, ಪೈನ್‌ನಂತಹವುಗಳಲ್ಲಿ ಅದರ ಅರ್ಧ. ಕ್ಯಾಟಲಿಸ್ಟ್ ಎಷ್ಟೇ ಜಾಣ ಆದರೂ ಗಿಡ ಕಟ್ಟಿದ ಲೆಕ್ಕ ಮೀರಲು ಕಷ್ಟ.

ಕಾಗದದ ಕಾರ್ಖಾನೆಯಿಂದ ಲಿಗ್ನಿನ್ ಪುಡಿ ತರಿಸಿ ಒಡೆದರೆ ಆಗಲ್ವಾ? ಕಟ್ಟಿಗೆಯ ತಲೆನೋವು ಯಾಕೆ?

ಆಗುತ್ತದೆ, ಆದರೆ ಇಳುವರಿ ಬೀಳುತ್ತದೆ. ಕಾರ್ಖಾನೆಯಲ್ಲಿ ಕ್ಷಾರ, ಗಂಧಕದ ಜೊತೆ ಬೆಂದಾಗ ಆ ಲಿಗ್ನಿನ್‌ನ ಈಥರ್ ಕೊಂಡಿಗಳು ಆಗಲೇ ಮುರಿದು, ತುಣುಕುಗಳು ಕಾರ್ಬನ್ ಕೊಂಡಿಯಿಂದ ಮತ್ತೆ ಅಂಟಿಕೊಂಡಿರುತ್ತವೆ. ನಿಮಗೆ ಸಿಗುವುದು ಒಮ್ಮೆ ಕೆಟ್ಟ ಲಿಗ್ನಿನ್. ಮೇಲಾಗಿ ಅದರಲ್ಲಿ ಉಳಿದ ಗಂಧಕ ಲೋಹದ ಕ್ಯಾಟಲಿಸ್ಟ್‌ಗೆ ವಿಷ.

ಅದಕ್ಕೇ ಕಳೆದ ಹತ್ತು-ಹದಿನೈದು ವರ್ಷದಲ್ಲಿ ಕ್ರಮ ತಿರುಗಿದೆ. ಮೊದಲು ಸೆಲ್ಯುಲೋಸ್ ತೆಗೆದು ಉಳಿದ ಲಿಗ್ನಿನ್ ನೋಡೋಣ ಅನ್ನುವ ಬದಲು, ಲಿಗ್ನಿನ್ ಕಟ್ಟಿಗೆಯಿಂದ ಹೊರಬರುವ ಹೊತ್ತಿಗೇ ಕ್ಯಾಟಲಿಸ್ಟ್ ಮತ್ತು ಆಲ್ಕೋಹಾಲ್ ಅದನ್ನು ಹಿಡಿದುಕೊಳ್ಳುತ್ತವೆ. ತಿರುಳು ಆಮೇಲೆ. ನಮ್ಮ ಭಾಗಕ್ಕೆ ಇದೇ ಸರಿ. ನಮ್ಮಲ್ಲಿ ಇರುವುದು ಇನ್ನೂ ಬೇಯಿಸದ ಕಟ್ಟಿಗೆ, ಕಾರ್ಖಾನೆಯ ಲಿಗ್ನಿನ್ ಪುಡಿ ಅಲ್ಲ.

ತೊಗರಿ, ಹತ್ತಿ, ಕಬ್ಬಿನ ಸಿಪ್ಪೆ, ಜೋಳದ ಕಣಿಕೆ, ಭತ್ತದ ಹುಲ್ಲು: ಇವುಗಳಲ್ಲಿ ಯಾವುದು ಸರಿ?

ಕಣಿಕೆ ದನದ ಮೇವು. ಅದನ್ನು ಮುಟ್ಟುವ ಮಾತೇ ಬೇಡ.

ಭತ್ತದ ಹುಲ್ಲಿನಲ್ಲಿ ಸಿಲಿಕಾ, ಬೂದಿ ಜಾಸ್ತಿ, ಕ್ಯಾಟಲಿಸ್ಟ್‌ಗೆ ತೊಂದರೆ. ಕಬ್ಬಿನ ಸಿಪ್ಪೆ ಒಂದೇ ಕಡೆ ರಾಶಿ ಬೀಳುತ್ತದೆ ಅನ್ನುವುದು ದೊಡ್ಡ ಅನುಕೂಲ. ಆದರೆ ಅದನ್ನು ಸಕ್ಕರೆ ಕಾರ್ಖಾನೆ ಆಗಲೇ ಬಾಯ್ಲರ್‌ಗೆ ಹಾಕಿ ಹಬೆ, ಕರೆಂಟು ಮಾಡುತ್ತಿದೆ. ಕಬ್ಬು ಹುಲ್ಲಿನ ಜಾತಿ ಆದ್ದರಿಂದ ಅದರ ಲಿಗ್ನಿನ್‌ನ ಸ್ವಭಾವವೂ ಬೇರೆ. ಎಥನಾಲ್‌ನಲ್ಲಿ ಬೇಯಿಸಿದರೆ ಈಥೈಲ್ ಕೂಮರೇಟ್, ಈಥೈಲ್ ಫೆರುಲೇಟ್ ಅನ್ನುವ ಎಸ್ಟರ್‌ಗಳು ಬರುತ್ತವೆ. ಇವಕ್ಕೂ ಬೆಲೆ ಇದೆ.

ತೊಗರಿ ಮತ್ತು ಹತ್ತಿ ಎರಡೂ ದ್ವಿದಳ. ಕಾಂಡ ಮರದ ತರ, ಲಿಗ್ನಿನ್‌ನಲ್ಲಿ ಜಿ ಮತ್ತು ಎಸ್ ಘಟಕಗಳು. ಕೆಮಿಸ್ಟ್ರಿ ದೃಷ್ಟಿಯಿಂದ ಎರಡೂ ಒಳ್ಳೆಯವು. ಕಲಬುರಗಿ ತೊಗರಿಯ ನಾಡು, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಆದ್ದರಿಂದ ಎಲ್ಲರೂ ಮೊದಲು ತೊಗರಿ ಕಟ್ಟಿಗೆ ಅನ್ನುತ್ತಾರೆ. ನಾನು ಹತ್ತಿ ಅನ್ನುತ್ತೇನೆ.

ಕಾರಣ ಕೆಮಿಸ್ಟ್ರಿ ಅಲ್ಲ. ತೊಗರಿ ಕಟ್ಟಿಗೆ ಊರಿನಲ್ಲಿ ಖಾಲಿ ಕೂತಿಲ್ಲ. ಒಲೆಗೆ ಹೋಗುತ್ತದೆ, ಬೇಲಿಗೆ ಹೋಗುತ್ತದೆ, ಚಪ್ಪರಕ್ಕೆ ಹೋಗುತ್ತದೆ, ಬುಟ್ಟಿ ಆಗುತ್ತದೆ. ಅದನ್ನು ಕಾರ್ಖಾನೆ ಕೊಂಡರೆ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ಮನೆಗೆ ಹೊರೆ. ಹತ್ತಿ ಕಟ್ಟಿಗೆ ಹಾಗಲ್ಲ. ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ದಾಟಬಾರದು ಅಂತ ಅದನ್ನು ಹೊಲದಲ್ಲಿ ಬಿಡಬೇಡಿ ಎಂದು ಕೃಷಿ ಇಲಾಖೆಯವರೇ ಹೇಳುತ್ತಾರೆ. ಎಷ್ಟೋ ಕಡೆ ಬದುವಿಗೆ ಹಾಕಿ ಬೆಂಕಿ ಇಡುತ್ತಾರೆ. ಶಹಾಪುರ, ಸುರಪುರ ಕಡೆ ಹತ್ತಿ ಚೆನ್ನಾಗಿದೆ. ಹೇಗೂ ತೆಗೆಯಲೇಬೇಕಾದ ಕಟ್ಟಿಗೆಗೆ ಯಾರಾದರೂ ದುಡ್ಡು ಕೊಟ್ಟರೆ ರೈತರಿಗೆ ಒಂದು ಕೆಲಸದ ಕೂಲಿಯಾದರೂ ಹುಟ್ಟುತ್ತದೆ.

ಇದು ಕಟ್ಟಿಗೆಯಿಂದ ಎಥನಾಲ್ ಮಾಡುವ ಯೋಜನೆಯೇ ಅಲ್ವಾ?

ಅಲ್ಲ, ಪಕ್ಕದ ಮನೆ ಅನ್ನಬಹುದು. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಕಾರ್ಖಾನೆ 2022ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಭತ್ತದ ಹುಲ್ಲಿನಿಂದ ವರ್ಷಕ್ಕೆ 3 ಕೋಟಿ ಲೀಟರ್ ಎಥನಾಲ್ ಮಾಡುವ ಗುರಿ. ಅಲ್ಲಿ ಬಳಸುವುದು ಸಕ್ಕರೆಯ ಭಾಗ. ಲಿಗ್ನಿನ್ ಹಿಂದೆ ಉಳಿಯುತ್ತದೆ. ನಾವು ಮಾತಾಡುತ್ತಿರುವುದು ಆ ಉಳಿದ ಭಾಗದ ಬಗ್ಗೆ. ಎರಡೂ ಒಂದೇ ಕಡೆ ನಡೆದರೆ ತಿರುಳಿನಿಂದ ಬಂದ ಎಥನಾಲ್ ಅನ್ನೇ ಲಿಗ್ನಿನ್ ಬೇಯಿಸಲು ಬಳಸಬಹುದು.

ಖರ್ಚಿನ ಲೆಕ್ಕ ಹೇಳಿ.

ಒಂದು ಟನ್ ಒಣ ಹತ್ತಿ ಕಟ್ಟಿಗೆ ಹಿಡಿಯೋಣ. ಲಿಗ್ನಿನ್ 200 ಕೆಜಿ. ಚೆನ್ನಾಗಿ ಒಡೆದು ಶೇ. 40 ಒಂಟಿ ಉಂಗುರ ಬಂತು ಅನ್ನೋಣ: 80 ಕೆಜಿ.

ಈಗ ಆಲ್ಕೋಹಾಲ್. ಲ್ಯಾಬ್‌ನಲ್ಲಿ ಒಂದು ಕೆಜಿ ಕಟ್ಟಿಗೆಗೆ 10 ಲೀಟರ್ ಹಾಕುವುದು ಮಾಮೂಲು. ಟನ್ನಿಗೆ 10,000 ಲೀಟರ್. ಶೇ. 99 ವಾಪಸ್ ಬಂದರೂ 100 ಲೀಟರ್ ಹೋಯಿತು. ಲೀಟರ್‌ಗೆ 60 ರೂಪಾಯಿ ಹಿಡಿದರೆ 6,000 ರೂಪಾಯಿ. ಅಂದರೆ 80 ಕೆಜಿ ಮಾಲಿನ ಮೇಲೆ ಕೆಜಿಗೆ 75 ರೂಪಾಯಿ ಬರೀ ಕಳೆದುಹೋದ ಆಲ್ಕೋಹಾಲ್‌ಗೆ. ವಾಪಸ್ ಬರುವುದು ಶೇ. 95 ಆದರೆ? 500 ಲೀಟರ್, 30,000 ರೂಪಾಯಿ, ಕೆಜಿಗೆ 375. ತೈಲದಿಂದ ಬರುವ ಫೀನಾಲ್ ಕೆಜಿಗೆ ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವಾಗ ಈ ಮಾಲು ಕೊಳ್ಳುವವರು ಯಾರು?

ಶಾಖದ ಲೆಕ್ಕ ಇನ್ನೂ ಕಟು. 10,000 ಲೀಟರ್ ಎಥನಾಲ್ ಅಂದರೆ ಸುಮಾರು 7,900 ಕೆಜಿ. ಅದನ್ನು ಒಂದು ಸಲ ಆವಿ ಮಾಡಲು ಬೇಕಾದ ಶಾಖಕ್ಕೆ ಸುಮಾರು 400 ಕೆಜಿ ಒಣ ಕಟ್ಟಿಗೆ ಸುಡಬೇಕು, ಅದೂ ಶಾಖ ಒಂಚೂರೂ ಪೋಲಾಗದಿದ್ದರೆ. ಒಂದು ಟನ್ ಕಟ್ಟಿಗೆ ಬೇಯಿಸಲು ಇನ್ನೂ ಸುಮಾರು ಅರ್ಧ ಟನ್ ಸುಡುವುದು! ಆದ್ದರಿಂದ ಆವಿಯ ಶಾಖವನ್ನು ಮುಂದಿನ ಹಂತಕ್ಕೆ ಬಳಸುವ ಹಾಗೆ ಕಟ್ಟಬೇಕು, ದ್ರಾವಕವನ್ನು 10 ಲೀಟರ್‌ನಿಂದ 3-4 ಲೀಟರ್‌ಗೆ ಇಳಿಸಬೇಕು. ಹೊಸ ಕ್ಯಾಟಲಿಸ್ಟ್ ಹುಡುಕುವುದಕ್ಕಿಂತ ಇದು ಮುಖ್ಯ ಅಂತ ನನಗೆ ಅನಿಸುತ್ತದೆ. ಆದರೆ ದ್ರಾವಕ ಕಡಿಮೆ ಮಾಡಿದೆವು ಅನ್ನುವುದರಲ್ಲಿ ಮಿಂಚಿಲ್ಲ, ಹೊಸ ಕ್ಯಾಟಲಿಸ್ಟ್ ಅಂದರೆ ಮಿಂಚುತ್ತದೆ.

ಕ್ಯಾಟಲಿಸ್ಟ್ ಕೂಡ ಸದಾಕಾಲ ಬಾಳುವುದಿಲ್ಲ. ಕಟ್ಟಿಗೆಯ ಪೊಟ್ಯಾಷಿಯಂ, ಅಂಟಿದ ಚಾರ್ ಅದನ್ನು ಮುಚ್ಚುತ್ತವೆ.

ಕೊನೆಗೆ ಸಾಗಾಣಿಕೆ. ಟ್ರ್ಯಾಕ್ಟರ್ ಟ್ರೇಲರ್ ತುಂಬಿ ತುಳುಕಿದರೂ ಹತ್ತಿ ಕಟ್ಟಿಗೆಯ ತೂಕ ಕಡಿಮೆ, ಗಾಳಿಯೇ ಜಾಸ್ತಿ. ಸುರಪುರದ ಕಟ್ಟಿಗೆಯನ್ನು ಬೀದರ್‌ಗೆ ಹೊರುವುದು ಹುಚ್ಚುತನ. ಬೀದರ್‌ನ ಎಥನಾಲ್ ಅನ್ನು ಟ್ಯಾಂಕರ್‌ನಲ್ಲಿ ಯಾದಗಿರಿಗೆ ತರುವುದು ಸಲೀಸು, ಯಾಕೆಂದರೆ ಅದನ್ನು ಒಂದು ಸಲ ತಂದರೆ ತಿರುಗಿ ತಿರುಗಿ ಬಳಸುತ್ತೀರಿ. ಘಟಕ ಕಟ್ಟಿಗೆಯ ಹತ್ತಿರ ಇರಬೇಕು.

ಒಬ್ಬರು ಬಂದು ಪಾಲು ಹಾಕಿ, ಕಟ್ಟಿಗೆಯಿಂದ ಕೆಮಿಕಲ್ ಮಾಡುವ ಪ್ಲಾಂಟ್ ಹಾಕುತ್ತೇವೆ ಅನ್ನುತ್ತಿದ್ದಾರೆ. ಹಾಕಬಹುದಾ?

ಆಲ್ಕೋಹಾಲ್ ಎಷ್ಟು ವಾಪಸ್ ಬರುತ್ತದೆ, ತಿರುಳನ್ನು ಯಾರಿಗೆ ಮಾರುತ್ತೀರಿ, ಒಂದೇ ಕ್ಯಾಟಲಿಸ್ಟ್ ಎಷ್ಟು ಸಲ ಓಡಿದೆ ಅಂತ ಕೇಳಿ. ಟನ್ನಿಗೆ 80 ಕೆಜಿ ಮಾಲು ಮಾರಿ ಯಾರೂ ಬದುಕಲಾರರು, ಉಳಿದ ಅರ್ಧ ಟನ್ನಿಗೂ ಜಾಸ್ತಿ ತಿರುಳಿಗೆ ಗಿರಾಕಿ ಇರಲೇಬೇಕು. ಉತ್ತರ ಬರೆದು ಕೊಡದಿದ್ದರೆ ಟೀ ಕುಡಿಸಿ ಕಳಿಸಿ. ಈ ವಿದ್ಯೆ ಇನ್ನೂ ಲ್ಯಾಬ್ ದಾಟಿ ಪೈಲಟ್ (ಸಣ್ಣ ಪ್ರಾಯೋಗಿಕ ಘಟಕದ) ಹಂತದಲ್ಲಿ ಕಾಲಿಡುತ್ತಿದೆ.

ಲೈಸೆನ್ಸ್ ಬೇಕಾ?

ಎಥನಾಲ್ ಅಬಕಾರಿ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಕಾಲೇಜು ಲ್ಯಾಬ್ ಕೂಡ ಪರವಾನಗಿ ಇಲ್ಲದೆ ಶುದ್ಧ ಎಥನಾಲ್ ತರಿಸುವ ಹಾಗಿಲ್ಲ. ಐಸೋಪ್ರೊಪನಾಲ್‌ಗೆ ಈ ರಗಳೆ ಇಲ್ಲ, ಹಾಗಾಗಿ ವಿದ್ಯಾರ್ಥಿಗಳು ಅದರಿಂದ ಶುರು ಮಾಡುವುದು ಸುಲಭ. ಘಟಕ ಹಾಕುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ, ಅಗ್ನಿಶಾಮಕ ಇಲಾಖೆ ಎಲ್ಲರ ಬಾಗಿಲೂ ತಟ್ಟಬೇಕು. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತ ಇರುವವರಿಗೆ ದ್ರಾವಕದ ವಾಸನೆ ಅಂದರೆ ಏನು ಅಂತ ಗೊತ್ತು. ಅವರ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಿ. ಆವಿ ಹೊರಗೆ ಹೋದರೆ ಊರಿಗೂ ನಷ್ಟ, ಮೇಲಿನ ಲೆಕ್ಕದಲ್ಲಿ ನಿಮಗೂ ನಷ್ಟ.

ನಾನು ಬಿಎಸ್ಸಿ ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಆಟೋಕ್ಲೇವ್ ರಿಯಾಕ್ಟರ್ ಇಲ್ಲ. ಏನು ಪ್ರಾಜೆಕ್ಟ್ ಮಾಡಬಹುದು?

ಒಡೆಯುವ ಮೊದಲು ಅಳೆಯಿರಿ. ನಿಮ್ಮ ತಾಲೂಕಿನ ಕಟ್ಟಿಗೆಯಲ್ಲಿ ಲಿಗ್ನಿನ್ ಎಷ್ಟಿದೆ ಅನ್ನುವುದೇ ಒಳ್ಳೆಯ ಪ್ರಾಜೆಕ್ಟ್. ಇದಕ್ಕೆ ಕ್ಲಾಸನ್ ವಿಧಾನ ಅಂತಾರೆ. ಮೈಕ್ರೋಬಯಾಲಜಿ ವಿಭಾಗದ ಸ್ಟೆರಿಲೈಸೇಶನ್ ಆಟೋಕ್ಲೇವ್ ಸಾಕು.

ಪುಡಿಯನ್ನು ನೀರು, ಎಥನಾಲ್‌ನಲ್ಲಿ ತೊಳೆದು ಒಣಗಿಸಿ. 300 ಮಿಲಿಗ್ರಾಂ ಪುಡಿಗೆ ಶೇ. 72ರ ಗಂಧಕಾಮ್ಲ 3 ಮಿಲಿಲೀಟರ್ ಹಾಕಿ, 30 ಡಿಗ್ರಿಯಲ್ಲಿ ಒಂದು ತಾಸು ಆಗಾಗ ಕಲಕುತ್ತಾ ಇಡಿ. ಕಲಬುರಗಿಯ ಏಪ್ರಿಲ್‌ನಲ್ಲಿ 30 ಡಿಗ್ರಿಗೆ ನೀರಿನ ತೊಟ್ಟಿಯನ್ನು ಬಿಸಿ ಮಾಡುವುದಲ್ಲ, ತಣ್ಣಗೆ ಮಾಡಬೇಕಾಗುತ್ತದೆ. ಆಮೇಲೆ 84 ಮಿಲಿಲೀಟರ್ ನೀರು ಸೇರಿಸಿ, 121 ಡಿಗ್ರಿಯಲ್ಲಿ ಒಂದು ತಾಸು ಆಟೋಕ್ಲೇವ್ ಮಾಡಿ. ಸಕ್ಕರೆಯ ಭಾಗ ಎಲ್ಲ ಕರಗಿಹೋಗುತ್ತದೆ. ಸೋಸಿದಾಗ ಕಾಗದದ ಮೇಲೆ ಉಳಿಯುವ ಕಂದು ಪುಡಿ ಲಿಗ್ನಿನ್. ಆಮ್ಲ ಪೂರ್ತಿ ಹೋಗುವ ತನಕ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಸ್ವಲ್ಪ ಲಿಗ್ನಿನ್ ಆಮ್ಲದಲ್ಲಿ ಕರಗಿರುತ್ತದೆ. ಅದನ್ನು ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿ ಸೇರಿಸಬೇಕು.

ಬುಡ, ನಡು, ತುದಿ ಬೇರೆ ಬೇರೆ ಮಾಡಿ. ತೊಗಟೆ ತೆಗೆದದ್ದು, ತೆಗೆಯದ್ದು ಬೇರೆ ಮಾಡಿ. ಹತ್ತಿ ಕಟ್ಟಿಗೆಗೆ ಮಣ್ಣು ಹತ್ತಿರುತ್ತದೆ, ಭತ್ತದ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಎರಡೂ ಆಮ್ಲದಲ್ಲಿ ಕರಗದೆ ಲಿಗ್ನಿನ್ ಜೊತೆ ತೂಕಕ್ಕೆ ಬರುತ್ತವೆ. ಆದ್ದರಿಂದ ತೂಗಿದ ಪುಡಿಯನ್ನು 575 ಡಿಗ್ರಿಯ ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯ ತೂಕ ಕಳೆದ ಮೇಲೆಯೇ ಉತ್ತರ ಬರೆಯಿರಿ.